ಸೊಣ್ಣಪ್ಪನಕುಂಟೆ ಲೈಬ್ರರಿಯ ಸೌಂಡ್ ರಿಜಿಸ್ಟರ್

ಜಡಿಗೇನಹಳ್ಳಿ ಹೋಬಳಿಯ ಸೊಣ್ಣಪ್ಪನಕುಂಟೆಯಲ್ಲಿ ಹಾಲಿನ ಡೈರಿಗೂ ಪಂಚಾಯಿತಿ ಆಫೀಸಿಗೂ ನಡುವೆ ಹಳದಿ ಬಣ್ಣದ ಒಂದು ಕೋಣೆಯಿದೆ. ಅದು ಊರಿನ ಲೈಬ್ರರಿ. ಅಲ್ಲಿನ ಮೇಲ್ವಿಚಾರಕಿ ವಾಣಿಶ್ರೀ. ಹೆಸರಿಗೆ ಮೇಲ್ವಿಚಾರಕಿ, ಆದರೆ ಬೀಗ ತೆಗೆಯುವವಳೂ ಅವಳೇ, ಕಸ ಹೊಡೆಯುವವಳೂ ಅವಳೇ, ಹರಿದ ಪುಸ್ತಕಕ್ಕೆ ಗೋಂದು ಹಚ್ಚುವವಳೂ ಅವಳೇ. ಹೀಗೆ ಹದಿನೇಳು ವರ್ಷ ಕಳೆದಿದೆ. ಗಂಡ ಕೆಂಪರಾಜ್ ತೋಟದಲ್ಲಿ ಕ್ಯಾಪ್ಸಿಕಂ ಬೆಳೆಯುತ್ತಾನೆ. ಬೆಳಗ್ಗೆ ಹಸು ಕರೆದು, ಡೈರಿಗೆ ಹಾಲು ಹಾಕಿ, ಅದೇ ಕ್ಯಾನನ್ನು ಲೈಬ್ರರಿಯ ಮೂಲೆಯಲ್ಲಿಟ್ಟು ಅವಳು ಬಾಗಿಲು ತೆಗೆಯುತ್ತಾಳೆ.

ವಾಣಿಶ್ರೀಯನ್ನು ಊರಿನವರು ಮೆಚ್ಚುವುದೂ, ಬೆನ್ನ ಹಿಂದೆ ನಗುವುದೂ ಒಂದೇ ಕಾರಣಕ್ಕೆ. ಅದು ಅವಳ ರಿಜಿಸ್ಟರ್ ಹುಚ್ಚು. ಲೈಬ್ರರಿಗೆ ಏನೇ ಬಂದರೂ ಅದಕ್ಕೊಂದು ನಂಬರು ಕೊಟ್ಟು, ತಾರೀಕು ಹಾಕಿ, ದಪ್ಪ ರಿಜಿಸ್ಟರಿನಲ್ಲಿ ಬರೆಯಬೇಕು. ಕೊನೆಯ ಕಲಂ ‘ಷರಾ’. ಹೇಳಬೇಕಾದ ವಿಶೇಷವನ್ನು ಅಲ್ಲಿ ಬರೆಯಬೇಕು. ಬೇರೆಯವರು ಷರಾ ಕಲಂ ಖಾಲಿ ಬಿಟ್ಟು ಬದುಕುತ್ತಾರೆ, ಇವಳಿಂದ ಅದಾಗುವುದಿಲ್ಲ. ಒಮ್ಮೆ ಯಾರೋ ಪುಣ್ಯಾತ್ಮರು ಮೂರು ಕಾಲಿನ ಕುರ್ಚಿಯೊಂದನ್ನು ಲೈಬ್ರರಿಗೆ ದಾನ ಕೊಟ್ಟರು. ಅದಕ್ಕೂ ನಂಬರು ಬಿತ್ತು. ಷರಾ: ‘ಕೂರಲು ಬಾರದು.’

ಎರಡು ವರ್ಷದ ಹಿಂದೆ ಲೈಬ್ರರಿಗೆ ಎರಡು ಹಳೆಯ ಕಂಪ್ಯೂಟರ್ ದಾನವಾಗಿ ಬಂದವು. ಅದರಲ್ಲಿ ಒಂದು ಆರೇ ತಿಂಗಳಿಗೆ ಕೆಟ್ಟು ಹೊಸಕೋಟೆಗೆ ರಿಪೇರಿಗೆ ಹೋಯಿತು, ಇವತ್ತಿಗೂ ಅಲ್ಲೇ ಇದೆ. ಉಳಿದ ಒಂದನ್ನು ವಾಣಿಶ್ರೀ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದಳು. ಡೈರಿ ರಸ್ತೆಯ ಧೂಳು ಬೀಳಬಾರದೆಂದು ತನ್ನ ಹಳೆಯ ಮೈಸೂರು ಸಿಲ್ಕ್ ಸೀರೆಯ ಸೆರಗು ಕತ್ತರಿಸಿ, ಸಿಪಿಯು ಡಬ್ಬಕ್ಕೆ ಮೈತುಂಬ ಅಂಗಿ ಹೊಲಿದಳು. ಹಿಂದೆ ವೈರು ಬರಲು ಜಾಗ, ಮುಂದೆ ಸ್ವಿಚ್ಚಿಗೊಂದು ತೂತು, ಬದಿಯಲ್ಲಿ ಕಟ್ಟಲು ಲಾಡಿ. ಸ್ವಿಚ್ಚು ಬಿಟ್ಟರೆ ಆ ಕಂಪ್ಯೂಟರಿನ ಮುಖವನ್ನು ಯಾರೂ ನೋಡುತ್ತಿರಲಿಲ್ಲ.

ಅದರೊಳಗೆ ಇದ್ದದ್ದು ಲಿನಕ್ಸ್. ಎಲ್ಲರೂ ಸೇರಿ ಕಟ್ಟಿ, ಎಲ್ಲರಿಗೂ ಪುಕ್ಕಟೆ ಹಂಚುವ ವ್ಯವಸ್ಥೆ ಅದು ಎಂದು ಹಾಕಿಕೊಟ್ಟವರು ಹೇಳಿಹೋಗಿದ್ದರು. ಅದರ ಜೊತೆಗೇ, ಪರದೆಯ ಮೇಲಿರುವುದನ್ನೆಲ್ಲ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶವನ್ನೂ ಹಾಕಿದ್ದರು. ಅದು ಯಾರಿಗೆ ಬೇಕಾದೀತು ಎಂದು ವಾಣಿಶ್ರೀಗೆ ಆಗ ಹೊಳೆದಿರಲಿಲ್ಲ. ಹೊಳೆಸಿದವಳು ಚಂದನ.

ಚಂದನಳಿಗೆ ಹತ್ತೊಂಬತ್ತು ವರ್ಷ. ಹನ್ನೊಂದನೇ ವಯಸ್ಸಿನಲ್ಲಿ ಬಂದ ಜ್ವರ ಕಣ್ಣಿನ ನರಕ್ಕೆ ಏರಿ ಎರಡೂ ಕಣ್ಣು ಹೋದವು. ಪಿಯುಸಿಯನ್ನು ಬರೆದುಕೊಡುವವರ ಸಹಾಯದಿಂದ ಮುಗಿಸಿದ್ದಳು. ಹೊಸಕೋಟೆಯ ಒಂದು ಖಾಸಗಿ ಆಸ್ಪತ್ರೆ ತನ್ನ ಸಹಾಯವಾಣಿಗೆ ಜನ ತೆಗೆದುಕೊಳ್ಳುತ್ತಿತ್ತು. ಕಣ್ಣಿಲ್ಲದವರಿಗೂ ಎರಡು ಜಾಗ ಇಟ್ಟಿದ್ದರು. ಪರೀಕ್ಷೆ ಇಷ್ಟೇ: ಫೋನಿನಲ್ಲಿ ಹೇಳಿದ್ದನ್ನು ಕೇಳಿಸಿಕೊಂಡು ರೋಗಿಯ ಹೆಸರು, ಊರು, ತೊಂದರೆ ಮೂರನ್ನೂ ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ಹೊಡೆಯಬೇಕು. ಚಂದನಳ ಹತ್ತಿರ ಮಾತಾಡುವ ಮೊಬೈಲ್ ಇತ್ತು. ಆದರೆ ಕೀಬೋರ್ಡಿನ ಮೇಲೆ ಹತ್ತು ಬೆರಳೂ ಕೂರುವುದು ಮೊಬೈಲಿನ ಗಾಜು ಸವರಿ ಬರುವ ವಿದ್ಯೆಯಲ್ಲ. ಹಾಗಾಗಿ ಅಜ್ಜಿ ಅಕ್ಕಯಮ್ಮ ದಿನಾ ಮೊಮ್ಮಗಳ ಕೈಹಿಡಿದು ಲೈಬ್ರರಿಗೆ ಕರೆತರುತ್ತಿದ್ದರು. ಒಳಗೆ ಚಂದನ ಅಕ್ಷರ ಒತ್ತುವಳು, ಕಂಪ್ಯೂಟರ್ ‘ಕ’, ‘ಮ’, ‘ಲ’ ಎಂದು ಹೇಳುವುದು. ಹೊರಗೆ ಜಗಲಿಯ ಮೇಲೆ ಅಕ್ಕಯಮ್ಮ ಕನಕಾಂಬರ ಕಟ್ಟುತ್ತ ಕೂರುವರು.

ಅರ್ಧ ಕೀಬೋರ್ಡು ಕೈಗೆ ಹತ್ತಿತ್ತು. ಅಷ್ಟರಲ್ಲಿ ಆಯುಧಪೂಜೆ ಬಂತು. ವಾಣಿಶ್ರೀ ಬೀರು, ಮೇಜು, ಕಂಪ್ಯೂಟರ್ ಎಲ್ಲವನ್ನೂ ಒರೆಸಿ, ಅರಿಶಿನ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಬಾಗಿಲಲ್ಲಿ ಬೂದುಗುಂಬಳ ಒಡೆದು, ಮಕ್ಕಳಿಗೆ ಪುರಿ ಹಂಚಿ ಬೀಗ ಹಾಕಿದಳು. ವಿಜಯದಶಮಿಗೆ ರಜ. ಅದರ ಮಾರನೇ ದಿನ ಚಂದನ ಬಂದು ಕೂತು ‘ಕ’ ಒತ್ತಿದಳು. ಶಬ್ದವಿಲ್ಲ. ಇನ್ನೊಮ್ಮೆ ಒತ್ತಿದಳು. ಪರದೆಯ ಮೇಲೆ ಅಕ್ಷರ ಬಿದ್ದಿತ್ತು, ಸ್ಪೀಕರು ಮಾತ್ರ ಬಾಯಿ ಬಿಡಲಿಲ್ಲ.

"ವಾಣಕ್ಕ, ಕಂಪ್ಯೂಟರ್ ಆನ್ ಆಗಿದ್ಯಾ?"

"ಆಗಿದೆ ಕಣೆ. ಅಕ್ಷರನೂ ಬಂದಿದೆ."

"ನಂಗೆ ಬಂದಿಲ್ವಲ್ಲ ಅಕ್ಕ."

ಪರೀಕ್ಷೆಗೆ ಇಪ್ಪತ್ತೊಂದು ದಿನವಿತ್ತು.

ಇಂಥ ಹೊತ್ತಿನಲ್ಲಿ ಮನುಷ್ಯರು ಮೊದಲು ಹುಡುಕುವುದು ಕಾರಣವನ್ನಲ್ಲ, ಆಸಾಮಿಯನ್ನು. ನಮ್ಮ ವಾಣಿಶ್ರೀಯೂ ಮನುಷ್ಯಳೇ. ಪಂಚಾಯಿತಿಯಲ್ಲಿ ನೀರು ಬಿಡುವ ಭೀಮರಾಜ್ ದಿನಾ ಸಂಜೆ ನಾಲ್ಕಕ್ಕೆ ಬಂದು, ಅವಳ ಕೈಯಲ್ಲೇ ಹಾಕಿಸಿಕೊಂಡು, ಕಂಪ್ಯೂಟರಿನಲ್ಲಿ ಹರಿಕಥೆ ಕೇಳುವ ಅಭ್ಯಾಸ ಇಟ್ಟುಕೊಂಡಿದ್ದ. ಮೋಟಾರು ಸದ್ದಿನ ಪಕ್ಕದಲ್ಲೇ ಆಯಸ್ಸು ಕಳೆದವನಾದ್ದರಿಂದ ಕಿವಿ ಸ್ವಲ್ಪ ಮಂದ. ಸ್ಪೀಕರನ್ನು ಪೂರ್ತಿ ತಿರುಗಿಸುತ್ತಿದ್ದ. ಅವತ್ತು ಸಂಜೆ ಅವನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆಯೇ ಅವಳು ಎದ್ದು ನಿಂತಳು.

"ಬರ್ಬೇಡಿ ಭೀಮರಾಜಣ್ಣ. ಗಂಟ್ಲು ಕಿತ್ಕೊಳ್ಳೋ ಹಂಗೆ ಜೋರಾಗಿಟ್ಟು ಇಟ್ಟು ಸೌಂಡೇ ಹೋಯ್ತು. ಆ ಹುಡುಗಿ ಪರೀಕ್ಷೆ ಏನ್ಮಾಡೋದು ಈಗ, ಹೇಳಿ?"

ಭೀಮರಾಜ್ ಒಂದು ಸಲ ಸ್ಪೀಕರಿನ ಕಡೆ, ಒಂದು ಸಲ ಚಂದನಳ ಕಡೆ ನೋಡಿದ. ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು ಹೋದ. ಮಾರನೇ ದಿನದಿಂದ ಬರಲಿಲ್ಲ. ವಾಣಿಶ್ರೀಗೂ ಅವನ ಚಿಂತೆ ಮಾಡಲು ಪುರುಸೊತ್ತಿರಲಿಲ್ಲ.

ಹೊಸಕೋಟೆಯ ರಿಪೇರಿ ಅಂಗಡಿಗೆ ಫೋನ್ ಮಾಡಿದರೆ, "ಲಿನಕ್ಸಾ ಮೇಡಂ? ಅದು ನಮ್ಗೆ ಬರಲ್ಲ, ಪೂರ್ತಿ ಅಳಿಸಿ ಬೇರೆ ಹಾಕ್ಕೊಡ್ತೀವಿ, ಬಿಟ್ಟೋಗಿ, ಹದಿನೈದು ದಿನ ಆಗುತ್ತೆ" ಎಂದರು. ಅಳಿಸಿದರೆ ಓದುವ ತಂತ್ರಾಂಶವೂ ಹೋಗುತ್ತದೆ. ಹದಿನೈದು ದಿನದ ಮಾತಂತೂ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೊದಲ ಕಂಪ್ಯೂಟರಿಗೂ ಹದಿನೈದೇ ದಿನ ಎಂದಿದ್ದರು. ಫೋನಿಟ್ಟು, ಬೀರುವಿನಿಂದ ಹೊಸದೊಂದು ನೋಟ್ ಪುಸ್ತಕ ತೆಗೆದು, ಸ್ಕೇಲಿಟ್ಟು ಗೆರೆ ಎಳೆದಳು. ಕ್ರಮ ಸಂಖ್ಯೆ, ತಾರೀಕು, ಮಾಡಿದ ಕೆಲಸ, ಆದದ್ದೇನು, ಷರಾ. ಮೇಲೆ ದಪ್ಪಕ್ಷರದಲ್ಲಿ ‘ಸೌಂಡ್ ರಿಜಿಸ್ಟರ್’ ಎಂದು ಬರೆದಳು. ಕೊನೆಯ ಸಲ ಸೌಂಡ್ ಬಂದದ್ದು ಯಾವತ್ತು, ಇಲ್ಲವೆಂದು ಗೊತ್ತಾದದ್ದು ಯಾವತ್ತು ಎಂಬುದನ್ನು ಮೊದಲ ಪುಟದಲ್ಲೇ ಬರೆದಿಟ್ಟಳು. ಆ ಹೊತ್ತಿಗೆ ಅದು ಬರಿಯ ಅಭ್ಯಾಸಬಲ.

ಮಾನಿಟರಿನ ಬೆನ್ನಿಗೆ ಅಂಟಿಸಿದ್ದ ಚೀಟಿಯಲ್ಲಿ ಒಂದು ಫೋನ್ ನಂಬರಿತ್ತು. ಎತ್ತಿದವಳು ಮೋನಿಷಾ ಎಂಬ ಹುಡುಗಿ. ಬೆಂಗಳೂರಿನಲ್ಲಿ ಕೆಲಸ ಮಾಡಿಕೊಂಡು, ಬಿಡುವಿನಲ್ಲಿ ಇಂಥ ಲೈಬ್ರರಿಗಳಿಗೆ ಲಿನಕ್ಸ್ ಹಾಕಿಕೊಡುವ ಗುಂಪಿನವಳು.

"ಟೆನ್ಷನ್ ಬೇಡ ಮೇಡಂ. ಫಸ್ಟು ಸೌಂಡ್ ಕಾರ್ಡ್ ಇದ್ಯಾ ಸತ್ತಿದ್ಯಾ ನೋಡೋಣ. ಟರ್ಮಿನಲ್ ಓಪನ್ ಮಾಡಿ."

"ಅದೆಲ್ಲಿರುತ್ತಮ್ಮ?"

"ಕಪ್ಪು ಕಿಟಕಿ ಥರ ಬರುತ್ತಲ್ಲ, ಅದು."

ಸೌಂಡ್ ಕಾರ್ಡ್ ಎಂದರೆ ಕಂಪ್ಯೂಟರಿನೊಳಗಿರುವುದನ್ನು ಶಬ್ದವಾಗಿಸಿ ಸ್ಪೀಕರಿಗೆ ಕಳಿಸುವ ಭಾಗ ಎಂದು ಅವಳಿಗೆ ಗೊತ್ತಾದದ್ದು ಅವತ್ತೇ. ಪಿಯುಸಿಯಲ್ಲಿ ಇಂಗ್ಲಿಷಿಗೆ ಎರಡು ಸಲ ಕೂತು ಪಾಸಾದ ವಾಣಿಶ್ರೀ ಆ ಕಪ್ಪು ಕಿಟಕಿಯಲ್ಲಿ ಒಂದೊಂದೇ ಅಕ್ಷರ ಕೇಳಿ, ಒಂದೊಂದೇ ಒತ್ತಿದಳು. ಎಲ್ ಅಂದದ್ದು ಎನ್ ಎಂದು ಕೇಳಿಸಿ ಅದನ್ನೇ ಒತ್ತಿದಳು. ಕಂಪ್ಯೂಟರ್ ತಪ್ಪು ಎಂದಿತು. ಮೂರನೇ ಸಲಕ್ಕೆ ಮೋನಿಷಾ, "ಲಕ್ಷ್ಮಿಯ ಎಲ್ ಮೇಡಂ, ಎನ್ ಅಲ್ಲ" ಎಂದಳು. ಕಾರ್ಡಿನ ಹೆಸರು ಬಂತು. ಬದುಕಿತ್ತು. ವಾಣಿಶ್ರೀ ರಿಜಿಸ್ಟರಿನಲ್ಲಿ ‘ಕಾರ್ಡ್ ಇದೆ’ ಎಂದು ಬರೆದು, ಷರಾದಲ್ಲಿ ‘ಲಕ್ಷ್ಮಿಯ ಎಲ್’ ಎಂದು ಸೇರಿಸಿದಳು.

ಆಮೇಲೆ ಶುರುವಾಯಿತು ರಿಜಿಸ್ಟರಿನಲ್ಲಿ ಸಾಲು ಸಾಲು. ಸೌಂಡಿನ ಮಟ್ಟ ತೋರಿಸುವ ಪಟ್ಟಿಗಳನ್ನು ಒಂದೊಂದಾಗಿ ಮೇಲಕ್ಕೇರಿಸಿದ್ದು. ಸ್ಪೀಕರನ್ನು ಬಿಚ್ಚಿ ತನ್ನ ಮೊಬೈಲಿಗೆ ಹಾಕಿ ನೋಡಿದ್ದು. ಸ್ಪೀಕರ್ ಚೆನ್ನಾಗಿಯೇ ಇತ್ತು. ನಾಲ್ಕನೇ ಸಾಲಿನಲ್ಲಿ ಮೋನಿಷಾ, "ಮುಂದೆ ಹೆಡ್‌ಫೋನ್ ಏನಾದ್ರೂ ಸಿಕ್ಸಿದೀರಾ?" ಎಂದು ಕೇಳಿದ್ದಳು. ಹೆಡ್‌ಫೋನ್ ಸಿಕ್ಕಿಸಿದರೆ ಸ್ಪೀಕರು ತಾನಾಗಿ ಬಾಯಿ ಮುಚ್ಚಿಕೊಳ್ಳುತ್ತದಂತೆ. "ಇಲ್ಲಮ್ಮ, ನಮ್ಮ ಲೈಬ್ರರೀಲಿ ಹೆಡ್‌ಫೋನೇ ಇಲ್ಲ" ಎಂದು ಇವಳು ಸತ್ಯವನ್ನೇ ಹೇಳಿದಳು. ಐದು, ಆರು, ಏಳು. ತಂತ್ರಾಂಶ ತೆಗೆದು ಮತ್ತೆ ಹಾಕಿದರು. ಎಂಟನೇ ಸಾಲಿಗೆ ನೆಟ್‌ವರ್ಕ್ ಹೋಯಿತು. ಫೋನು ಹಿಡಿದು ಡೈರಿಯ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡು, ಓಡಿ ಬಂದು ಒಳಗೆ ಒತ್ತಿ, ಮತ್ತೆ ಓಡಿ ಹೋಗಿ ಹೇಳುತ್ತಿದ್ದಳು. ಡೈರಿ ಸಾಲಿನಲ್ಲಿ ನಿಂತಿದ್ದವರು ಅವಳಿಗೆ ಏನೋ ಆಗಿದೆ ಎಂದುಕೊಂಡರು.

ಇಷ್ಟೇ ಆಗಿದ್ದರೆ ಅವಳನ್ನು ಹಠಮಾರಿ ಎನ್ನಬಹುದಿತ್ತು. ನಾನು ಅವಳಿಗೆ ಕೈಮುಗಿಯುವುದು ಇನ್ನೊಂದು ಕಾರಣಕ್ಕೆ. ಸೌಂಡ್ ಹೋದ ಎರಡನೇ ದಿನ ಚಂದನ, "ಬರೋದು ಬೇಡ ಬಿಡಿ ಅಕ್ಕ, ಸರಿಹೋದ್ಮೇಲೆ ಹೇಳಿ" ಎಂದು ಎದ್ದು ನಿಂತಳು. ವಾಣಿಶ್ರೀ ಅವಳ ಹೆಗಲು ಒತ್ತಿ ಕೂರಿಸಿದಳು. ತಾನೊಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು.

"ನೀನು ಒತ್ತು. ನಾನು ಹೇಳ್ತೀನಿ."

"ನೀವಾ?"

"ಯಾಕೆ, ನಂಗೆ ಓದಕ್ಕೆ ಬರಲ್ವಾ?"

ಚಂದನ ಒತ್ತಿದಳು. ವಾಣಿಶ್ರೀ ಪರದೆ ನೋಡಿ ಹೇಳಿದಳು: ಗ. ಒತ್ತಿದಳು. ಹೇಳಿದಳು: ದೀರ್ಘ. ಅವತ್ತಿನಿಂದ ದಿನಾ ಎರಡು ಗಂಟೆ, ಸೋಮವಾರದ ರಜೆಯಲ್ಲೂ ಬಾಗಿಲು ತೆಗೆದು, ಆ ಹೆಂಗಸು ಯಂತ್ರದ ಗಂಟಲಾಗಿ ಕೂತಳು. ಮೊದಮೊದಲು ಸರಿಹೋಗಲಿಲ್ಲ. ಚಂದನ ತಪ್ಪು ಒತ್ತಿದರೆ ಇವಳ ಬಾಯಿಂದ ‘ಅಯ್ಯೋ’ ಹೊರಡುತ್ತಿತ್ತು.

"ಅಕ್ಕ, ಕಂಪ್ಯೂಟರ್ ಅಯ್ಯೋ ಅನ್ನಲ್ಲ. ತಪ್ಪಾದ್ರೂ ತಪ್ಪು ಅಕ್ಷರನೇ ಹೇಳುತ್ತೆ. ತಪ್ಪು ಅಂತ ನಾನೇ ಕಂಡುಹಿಡೀಬೇಕು. ನೀವು ಅಯ್ಯೋ ಅಂದ್ರೆ ನಂಗೆ ಅಭ್ಯಾಸ ಕೆಡುತ್ತೆ."

ಮಾತು ಸರಿಯಾಗಿತ್ತು. ವಾಣಿಶ್ರೀ ಅಯ್ಯೋ ಎನ್ನುವುದನ್ನು ನುಂಗಿಕೊಳ್ಳಲು ಕಲಿತಳು. ಜೊತೆಗೆ ಸಂತೋಷವನ್ನೂ, ಗಾಬರಿಯನ್ನೂ, ಶಹಬ್ಬಾಸನ್ನೂ ನುಂಗಿಕೊಂಡಳು. ಕಂಪ್ಯೂಟರ್ ಹೇಗೆ ಏರಿಳಿತವಿಲ್ಲದೆ ಹೇಳುತ್ತಿತ್ತೋ ಹಾಗೇ, ಅದೇ ವೇಗದಲ್ಲಿ ಹೇಳತೊಡಗಿದಳು. ಮನೆಯಲ್ಲಿ ಕೆಂಪರಾಜ್, "ಸಾರಿಗೆ ಉಪ್ಪು ಹಾಕಿದ್ಯಾ?" ಎಂದು ಕೇಳಿದರೂ "ಹಾಕಿದೆ" ಎಂದು ಅದೇ ಧ್ವನಿಯಲ್ಲಿ ಹೇಳಿದಳಂತೆ. ಅವನು ಸಿಟ್ಟಾಗಿದ್ದಾಳೆ ಎಂದು ತಿಳಿದು ಎರಡು ದಿನ ತಾನೇ ಹಸು ಕರೆದ. ಜಗಲಿಯಲ್ಲಿ ಹೂ ಕಟ್ಟುತ್ತಿದ್ದ ಅಕ್ಕಯಮ್ಮನಿಗೆ ಮಾತ್ರ ಒಳಗೆ ಏನು ನಡೆದಿದೆ ಎಂಬುದು ಪೂರ್ತಿ ಅರ್ಥವಾಗಿತ್ತು. ದಿನಾ ಹೋಗುವಾಗ ಒಂದು ಮೊಳ ಹೂವನ್ನು ಮೇಜಿನ ಮೇಲಿಟ್ಟು ಹೋಗುತ್ತಿದ್ದರು.

ಗಂಟಲು ಕಟ್ಟಿತು. ಬಿಸಿನೀರು ಕುಡಿದು ಮತ್ತೆ ಹೇಳಿದಳು. ಆದರೆ ಅವಳಿಗೆ ಒಂದು ಮಾತು ಗೊತ್ತಿತ್ತು: ಅವಳೆಷ್ಟೇ ಯಂತ್ರವಾದರೂ ಚಂದನಳ ಕೈ ವೇಗವಾದಷ್ಟೂ ಓದುವ ತನ್ನ ಕಣ್ಣು ಹಿಂದೆ ಬೀಳುತ್ತಿತ್ತು. ಪರೀಕ್ಷೆಯಲ್ಲಿ ನಿಮಿಷದ ಲೆಕ್ಕ. ಆ ಹುಡುಗಿಗೆ ನಿಜವಾದ ಧ್ವನಿಯೇ ಬೇಕಿತ್ತು.

ಹತ್ತೊಂಬತ್ತನೇ ಸಾಲಿನ ದಿನ ಪರೀಕ್ಷೆಗೆ ಆರು ದಿನ ಉಳಿದಿತ್ತು. ಮೋನಿಷಾ ಉದ್ದದ್ದೊಂದು ಆಜ್ಞೆ ಹೇಳಿಕೊಟ್ಟು, ಪರದೆ ತುಂಬ ಬಂದದ್ದನ್ನೆಲ್ಲ ಫೋನಿನಲ್ಲಿ ಓದಿ ಹೇಳಲು ಕೇಳಿದಳು. ವಾಣಿಶ್ರೀ ಡೈರಿ ಮೆಟ್ಟಿಲಿಗೂ ಲೈಬ್ರರಿಗೂ ನಡೆಯುತ್ತ ಅಷ್ಟನ್ನೂ ಕಾಗದದ ಮೇಲೆ ಬರೆದು ತಂದು ಓದಿದಳು. ಒಂದು ಸಾಲಿನ ಹತ್ತಿರ ಮೋನಿಷಾ ತಡೆದಳು.

"ಇನ್ನೊಂದ್ಸಲ ಓದಿ ಮೇಡಂ."

"ಫ್ರಂಟ್ ಹೆಡ್‌ಫೋನ್ ಜಾಕ್, ಆನ್."

"ಮೇಡಂ, ಮುಂದೆ ಹೆಡ್‌ಫೋನ್ ಹಾಕಿದೆ ಅಂತಿದೆ ಅದು."

"ಹೆಡ್‌ಫೋನೇ ಇಲ್ಲ ಅಂತ ಅವತ್ತೇ ಹೇಳಿದ್ನಲ್ಲಮ್ಮ."

"ಹಂಗಾದ್ರೆ ಅದಕ್ಕೆ ಭ್ರಮೆ. ಕೆಲವು ಹಳೇ ಸಿಸ್ಟಮ್ ಹಿಂಗೆ ಮಾಡುತ್ತೆ. ಹೆಡ್‌ಫೋನ್ ಇದ್ರೂ ಸ್ಪೀಕರ್ ಮುಚ್ಬೇಡ ಅಂತ ಹೇಳ್ಬಿಡೋಣ."

ವಾಣಿಶ್ರೀ ಒಳಗೆ ಬಂದು, ಪಟ್ಟಿಗಳ ಸಾಲಿನಲ್ಲಿ ಬಲಕ್ಕೆ ಸರಿದು ಸರಿದು ಕೊನೆಯದನ್ನು ಬದಲಾಯಿಸಿ ಕೀಬೋರ್ಡು ಬಿಟ್ಟಳು. ಪಕ್ಕದಲ್ಲಿ ಕೂತಿದ್ದ ಚಂದನ ಅದರ ಮೇಲೆ ಸುಮ್ಮನೆ ಬೆರಳಾಡಿಸಿದಳು.

‘ಕ’ ಎಂದಿತು ಸ್ಪೀಕರು.

ಚಂದನ ಕೈ ಹಿಂದೆ ತೆಗೆದುಕೊಂಡಳು. ಮತ್ತೆ ಮುಂದಿಟ್ಟಳು. ‘ಕ’, ‘ಮ’, ‘ಲ’. ಆಮೇಲೆ ಹಿಡಿಯುವವರಿಲ್ಲ. ಮಳೆ ಬಂದ ಹಾಗೆ ಕೀಲಿ ಒತ್ತಿದಳು, ಧ್ವನಿ ಅವಳ ಹಿಂದೆ ಹಿಂದೆಯೇ ಓಡಿತು. ಅಕ್ಕಯಮ್ಮ ಹೂವಿನ ದಾರ ಬಾಯಲ್ಲಿ ಕಚ್ಚಿಕೊಂಡೇ ಬಾಗಿಲಿಗೆ ಬಂದರು. ವಾಣಿಶ್ರೀ ಬೀರುವಿಗೆ ಒರಗಿ ನಿಂತು ಅತ್ತಳು. ಹದಿನೈದು ದಿನ ನುಂಗಿಕೊಂಡಿದ್ದ ಅಯ್ಯೋಗಳೆಲ್ಲ ಒಟ್ಟಿಗೆ ಹೊರಬಂದವು.

ಕೆಲಸ ಮುಗಿಯಿತಲ್ಲ. ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಪುಸ್ತಕ ಮುಚ್ಚುತ್ತಿದ್ದರು. ವಾಣಿಶ್ರೀ ಹತ್ತೊಂಬತ್ತನೇ ಸಾಲಿನಲ್ಲಿ ‘ಸೌಂಡ್ ಬಂತು’ ಎಂದು ಬರೆದು, ಷರಾ ಕಲಮಿನ ಮುಂದೆ ಪೆನ್ನು ಹಿಡಿದು ನಿಂತುಬಿಟ್ಟಳು. ‘ಯಂತ್ರದ ಭ್ರಮೆ’ ಎಂದು ಬರೆಯಲು ಕೈ ಬರಲಿಲ್ಲ. ಕಾರ್ಡ್ ಇದೆ ಎಂದಿತ್ತು, ಇತ್ತು. ಅಕ್ಷರ ಬಿದ್ದಿದೆ ಎಂದಿತ್ತು, ಬಿದ್ದಿತ್ತು. ಹತ್ತೊಂಬತ್ತು ಸಾಲಿನಲ್ಲಿ ಒಂದು ಸಲವೂ ಸುಳ್ಳು ಹೇಳದ ಯಂತ್ರ ಇಲ್ಲದ ಹೆಡ್‌ಫೋನನ್ನು ಯಾಕೆ ಇದೆ ಎನ್ನುತ್ತದೆ?

ಮಾರನೇ ದಿನ ಬೇಗ ಬಂದು ಮೊದಲ ಪುಟ ತೆಗೆದಳು. ಕೊನೆಯ ಸಲ ಸೌಂಡ್ ಬಂದದ್ದು: ಆಯುಧಪೂಜೆಯ ಹಿಂದಿನ ದಿನ, ಸಂಜೆ ಐದು. ಅವಳಿಗೆ ನೆನಪಿತ್ತು. ಭೀಮರಾಜ್ ಹರಿಕಥೆ ಕೇಳಿ ಎದ್ದುಹೋದ ಮೇಲೂ ಅದು ಹಾಡುತ್ತಲೇ ಇತ್ತು, ಆಫ್ ಮಾಡಿದವಳು ತಾನೇ. ಹಾಗಾದರೆ ಕೆಡಿಸಿದ್ದು ಅವನಲ್ಲ. ಇಲ್ಲವೆಂದು ಗೊತ್ತಾದದ್ದು ವಿಜಯದಶಮಿಯ ಮಾರನೇ ದಿನ. ನಡುವೆ ಲೈಬ್ರರಿಯ ಬೀಗ ತೆಗೆದದ್ದು ಒಂದೇ ದಿನ, ಪೂಜೆಯ ದಿನ. ಅವತ್ತು ಕಂಪ್ಯೂಟರ್ ಮುಟ್ಟಿದವರು ಯಾರು? ಮಕ್ಕಳು ಪುರಿಗೆ ಬಾಗಿಲಲ್ಲೇ ಸಾಲು ನಿಂತಿದ್ದರು. ಒಳಗೆ ಬಂದವರಿಲ್ಲ.

ಕಣ್ಣು ಮುಚ್ಚಿ ಪೂಜೆಯನ್ನು ಮೊದಲಿಂದ ಮಾಡಿದಳು. ಒರೆಸಿದ್ದು. ಅರಿಶಿನ ಕುಂಕುಮ. ಹಾರ. ಊದುಬತ್ತಿ. ಊದುಬತ್ತಿಯನ್ನು ಎಲ್ಲರ ಹಾಗೆ ಅವಳೂ ಬಾಳೆಹಣ್ಣಿಗೇ ಚುಚ್ಚುವುದು. ಪುಸ್ತಕದ ಬೀರುಗಳಿಗೆ ಒಂದೊಂದು ಹಣ್ಣು, ಮೇಜಿಗೊಂದು. ಕಂಪ್ಯೂಟರಿನ ಹತ್ತಿರ ಬರುವ ಹೊತ್ತಿಗೆ ಹಣ್ಣು ಮುಗಿದಿತ್ತು. ಅದರ ಅಂಗಿ ಬಿಚ್ಚಿ ಪಕ್ಕಕ್ಕಿಟ್ಟಿದ್ದಳು. ಕೈಯಲ್ಲಿ ಎರಡು ಕಡ್ಡಿ ಹೊಗೆಯಾಡುತ್ತಿದ್ದವು. ಡಬ್ಬದ ಮುಖದ ಮೇಲೆ, ಊದುಬತ್ತಿಗೆಂದೇ ಕೊರೆದಿಟ್ಟ ಹಾಗೆ, ದುಂಡನೆಯ ಹಸಿರು ತೂತೊಂದು ಕಂಡಿತ್ತು.

ವಾಣಿಶ್ರೀ ಕರೆಂಟು ತೆಗೆದು, ಲಾಡಿ ಬಿಚ್ಚಿ, ರೇಷ್ಮೆ ಅಂಗಿಯನ್ನು ಎತ್ತಿದಳು. ಹೆಡ್‌ಫೋನ್ ಸಿಕ್ಕಿಸುವ ಆ ಹಸಿರು ತೂತಿನ ಬಾಯಿಯ ಸುತ್ತ ಕುಂಕುಮ, ಒಳಗೆ ಮುರಿದ ಎರಡು ಬಿದಿರುಕಡ್ಡಿ, ಒಂದಕ್ಕೊಂದು ಒತ್ತಿಕೊಂಡು ಬಿಗಿಯಾಗಿ ಕೂತಿದ್ದವು. ಬತ್ತಿ ಉರಿದು ಮುಗಿದ ಮೇಲೆ ಎಳೆದು ಬಿಸಾಕಿದ್ದು ಮೇಲಿನ ತುಂಡನ್ನು ಮಾತ್ರ. ಅಲ್ಲಿಂದ ಇಲ್ಲಿಯವರೆಗೂ ಕಂಪ್ಯೂಟರ್ ಏನೋ ಸಿಕ್ಕಿಸಿದ್ದಾರೆ, ಸಿಕ್ಕಿಸಿದ್ದಾರೆ ಎಂದು ಕಪ್ಪು ಕಿಟಕಿಯಲ್ಲಿ ನಿಜವನ್ನೇ ಹೇಳುತ್ತಿತ್ತು. ತೋಟದಲ್ಲಿ ಕಾಲಿಗೆ ಚುಚ್ಚಿದ ಮುಳ್ಳು ತೆಗೆಯಲು ಸದಾ ಚೀಲದಲ್ಲಿರುವ ಚಿಮಟದಿಂದ ಆ ಎರಡು ತುಂಡನ್ನೂ ಉಸಿರು ಹಿಡಿದು ಎಳೆದಳು. ಕಂಪ್ಯೂಟರ್ ಹಾಕಿ, ಮೋನಿಷಾ ಹೇಳಿದಂತೆ ಬದಲಾಯಿಸಿದ್ದನ್ನು ಮೊದಲಿನಂತೆ ಮಾಡಿ ನೋಡಿದಳು. ಸೌಂಡ್ ಬಂತು, ಯಾವ ಆಜ್ಞೆಯೂ ಬೇಕಾಗಲಿಲ್ಲ.

ಕೋಣೆಯಲ್ಲಿ ಯಾರೂ ಇರಲಿಲ್ಲ. ಎರಡು ಕಡ್ಡಿಯನ್ನು ಕಸದಬುಟ್ಟಿಗೆ ಹಾಕಿದ್ದರೆ ಅದು ಯಾವ ಕಾಲಕ್ಕೂ ಯಂತ್ರದ ಭ್ರಮೆಯೇ ಆಗಿರುತ್ತಿತ್ತು. ಅವಳು ಕಡ್ಡಿಗಳನ್ನು ಸೆಲ್ಲೋಟೇಪಿನಿಂದ ರಿಜಿಸ್ಟರಿನ ಪುಟಕ್ಕೆ ಅಂಟಿಸಿದಳು. ಷರಾ ಕಲಮಿನಲ್ಲಿ ದುಂಡಗೆ ಬರೆದಳು: ‘ಮೇಲ್ವಿಚಾರಕಿ ಊದುಬತ್ತಿ ಸಿಕ್ಕಿಸಿದ್ದರಿಂದ. ಬೇರೆ ಯಾರ ತಪ್ಪೂ ಇಲ್ಲ.’ ಕೆಳಗೆ ಸಹಿ, ತಾರೀಕು. ಪಂಚಾಯಿತಿಯ ಅಧಿಕಾರಿ ಆಮೇಲೊಂದು ದಿನ ಅದನ್ನು ಓದಿ, "ಏನ್ ಮೇಡಂ ಇದು, ಯಾರಾದ್ರೂ ಹಿಂಗೆ ಬರೆದಿಡ್ತಾರಾ? ಆ ಹಾಳೆ ತೆಗೆದ್ಬಿಡಿ" ಎಂದರು. "ರಿಜಿಸ್ಟರಲ್ಲಿ ಹಾಳೆ ಹರಿಯೋ ಹಂಗಿಲ್ಲ ಸಾರ್" ಎಂದಳು. ಕೇಳಿದವರು ನಕ್ಕರು. ನನಗೆ ನಗು ಬರುವುದಿಲ್ಲ. ತನ್ನ ತಪ್ಪಿಗೆ ತಾನೇ ನಂಬರು ಕೊಟ್ಟು ಬರೆದಿಟ್ಟವರನ್ನು ನಾನು ಹೆಚ್ಚು ನೋಡಿಲ್ಲ.

ಷರಾ ಬರೆದವಳೇ ಬೀಗ ಹಾಕಿ ನೀರಿನ ಟ್ಯಾಂಕಿನ ಹತ್ತಿರ ಹೋದಳು. ಭೀಮರಾಜ್ ವಾಲ್ವು ತಿರುಗಿಸುತ್ತಿದ್ದ. ಇವಳನ್ನು ಕಂಡು ತಲೆ ತಗ್ಗಿಸಿದ.

"ಭೀಮರಾಜಣ್ಣ, ಕೆಡಿಸಿದ್ದು ನೀವಲ್ಲ. ನಾನು. ಊದುಬತ್ತಿ ಕಡ್ಡಿ ಸಿಕ್ಸಿ ಮರ್ತಿದ್ದೆ. ಸುಮ್ನೆ ನಿಮ್ಮನ್ನ ಅಂದ್ಬಿಟ್ಟೆ. ತಪ್ಪಾಯ್ತು."

ಅವನಿಗೆ ಕೇಳಿಸಲಿಲ್ಲವೇನೋ ಎಂದು ಅವಳು ಮತ್ತೊಮ್ಮೆ ಗಟ್ಟಿಯಾಗಿ ಹೇಳಿದಳು. ಅವನಿಗೆ ಮೊದಲೇ ಕೇಳಿಸಿತ್ತು.

"ನಾನೂ ಹಂಗೇ ಅನ್ಕೊಂಡಿದ್ದೆ ವಾಣಮ್ಮ, ನಾನೇ ಕೆಡಿಸಿದ್ದು ಅಂತ. ಆ ಮಗು ಕಣ್ಣಿಗೆ ನಾನ್ ಕಾಣಲ್ಲ, ನಿಜ. ಆದ್ರೂ ಅದು ಎದುರಿಗೆ ಬಂದ್ರೆ ಬೇರೆ ಬೀದೀಲಿ ಹೋಗ್ತಿದ್ದೆ."

"ನಾಳೆ ನಾಲ್ಕಕ್ಕೆ ಬನ್ನಿ" ಎಂದಳು ವಾಣಿಶ್ರೀ. ಅವನು ಬಂದ. ಚಂದನಳ ಅಭ್ಯಾಸ ಮುಗಿಯುವವರೆಗೂ ಜಗಲಿಯಲ್ಲಿ ಅಕ್ಕಯಮ್ಮನ ಪಕ್ಕ ಕಾದು ಕೂತು, ಆಮೇಲೆ ಒಳಗೆ ಬಂದು, ಸ್ಪೀಕರನ್ನು ಅರ್ಧ ಮಾತ್ರ ತಿರುಗಿಸಿದ. ವಾಣಿಶ್ರೀ ಕೈಚಾಚಿ ಪೂರ್ತಿ ತಿರುಗಿಸಿದಳು.

ಪರೀಕ್ಷೆಯ ದಿನ ಅಕ್ಕಯಮ್ಮನೂ ವಾಣಿಶ್ರೀಯೂ ಚಂದನಳನ್ನು ಬಸ್ಸಿನಲ್ಲಿ ಹೊಸಕೋಟೆಗೆ ಕರೆದುಕೊಂಡು ಹೋಗಿದ್ದರು. ಒಳಗೆ ಬಿಡಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತು ವಾಣಿಶ್ರೀ ತನಗೇ ತಿಳಿಯದೆ ತುಟಿ ಆಡಿಸುತ್ತಿದ್ದಳಂತೆ, ಗ, ದೀರ್ಘ, ಎಂದು. ಅಕ್ಕಯಮ್ಮ ಈಗಲೂ ಅದನ್ನು ಹೇಳಿ ನಗುತ್ತಾರೆ. ಚಂದನ ಹೊರಬಂದು, "ಎರಡು ತಪ್ಪಾಯ್ತು ಅಕ್ಕ, ಎರಡನ್ನೂ ನಾನೇ ಕಂಡುಹಿಡಿದು ತಿದ್ದಿದೆ" ಎಂದಳು. ಹತ್ತು ದಿನಕ್ಕೆ ಪತ್ರ ಬಂತು. ಕೆಲಸ ಸಿಕ್ಕಿತ್ತು.

ಚಂದನ ಕೆಲಸಕ್ಕೆ ಸೇರಿದ ಮೊದಲ ವಾರ ಲೈಬ್ರರಿ ಖಾಲಿ ಖಾಲಿ ಅನಿಸಿತು. ಪಕ್ಕದ ಕುರ್ಚಿ ಎಳೆದುಕೊಳ್ಳುವ ಕೆಲಸವಿಲ್ಲ, ಮೇಜಿನ ಮೇಲೆ ಹೂವಿಲ್ಲ. ಒಂದು ಮಧ್ಯಾಹ್ನ ವಾಣಿಶ್ರೀ ಫೋನು ಹಿಡಿದು ಡೈರಿಯ ಮೆಟ್ಟಿಲ ಮೇಲೆ ನಿಂತಳು. ಆಸ್ಪತ್ರೆಯ ಸಹಾಯವಾಣಿಯ ನಂಬರು ಒತ್ತಿದಳು.

"ನಮಸ್ಕಾರ, ಸಹಾಯವಾಣಿಗೆ ಸ್ವಾಗತ, ನಾನು ಚಂದನ. ನಿಮ್ಮ ಹೆಸರು ಹೇಳಿ."

ಏರಿಳಿತವಿಲ್ಲದ, ಗಾಬರಿಯಿಲ್ಲದ, ಒಂದೇ ಸಮನಾದ ಧ್ವನಿ. ಲೈಬ್ರರಿಯ ಆ ಕುರ್ಚಿಯಲ್ಲಿ ಹದಿನೈದು ದಿನ ತಾನು ಆಡಿದ ಧ್ವನಿ ಅದು.

"ವಾಣಿಶ್ರೀ" ಎಂದಳು.

ಆ ಕಡೆ ಕೀಲಿಗಳ ಸದ್ದು ಕೇಳಿಸಿತು, ಚಕಚಕನೆ, ಎಲ್ಲೂ ತಡವರಿಸದೆ. ಆಮೇಲೆ ನಿಂತುಹೋಯಿತು.

"ಯಾವೂರು?"

"ಸೊಣ್ಣಪ್ಪನಕುಂಟೆ."

"ವಾಣಕ್ಕ? ಏನಾಯ್ತಕ್ಕ? ಹುಷಾರಿಲ್ವಾ? ಏನ್ ತೊಂದ್ರೆ ಹೇಳಿ, ಬರ್ಕೋತೀನಿ."

"ಅಯ್ಯೋ, ಏನೂ ಇಲ್ಲ ಕಣಮ್ಮ" ಎಂದಳು ವಾಣಿಶ್ರೀ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಸೌಂಡ್ ಬರ್ತಾ ಇದ್ಯಾ ಅಂತ ನೋಡೋಣ ಅಂತ ಮಾಡ್ದೆ."